ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುನ್ನ ‘ಮೆಸಾ’ ಲೆಕ್ಕ ಹಾಕಿ

ಹುಣಸೂರು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯಲ್ಲಿ ವಿಂಡೋಸ್ 11 ಹಿಡಿಸದ ಹಳೇ ಕಂಪ್ಯೂಟರ್ ಇಟ್ಟುಕೊಂಡ ಶಾಲೆ, ಅಂಗಡಿಗಳಿಗೆ ಉಳಿದ ಅಗ್ಗದ ದಾರಿ ಲಿನಕ್ಸ್.

ಲಿನಕ್ಸ್‌ನಲ್ಲಿ ಪರದೆ ಮೇಲೆ ಚಿತ್ರ, ವಿಡಿಯೋ ಸಲೀಸಾಗಿ ಓಡಬೇಕಾದ್ರೆ ‘ಮೆಸಾ’ ಬೇಕು. ಬ್ರಯಾನ್ ಪಾಲ್ 1993ರಲ್ಲಿ ಶುರು ಮಾಡಿದ ಈ ಗ್ರಾಫಿಕ್ಸ್ ಡ್ರೈವರ್ ಲೈಬ್ರರಿಯ ಕೋಡ್ ಬಹಿರಂಗ. ಯಾರು ಬೇಕಾದ್ರೂ ತಿದ್ದಿ ಬಿಲ್ಡ್ ಮಾಡಬಹುದು. ಇಂಟೆಲ್, ಎಎಂಡಿ ಎಂಜಿನಿಯರ್‌ಗಳ ಜೊತೆ ಸ್ವಯಂಸೇವಕರೂ ಬರೀತಾರೆ.

ಬಹಿರಂಗ ಅಂದ ಮಾತ್ರಕ್ಕೆ ಡ್ರೈವರ್ ತಾನೇ ಉಳಿಯಲ್ಲ, ನೋಡಿಕೊಳ್ಳೋರು ಬೇಕು. 2022ರ 22.0 ಆವೃತ್ತಿಯಲ್ಲಿ ಹಳೇ ‘ಕ್ಲಾಸಿಕ್’ ಡ್ರೈವರ್‌ಗಳನ್ನು ಮುಖ್ಯ ಕೋಡ್‌ನಿಂದ ತೆಗೆದು ‘ಆಂಬರ್’ ಶಾಖೆಗೆ ಸರಿಸಲಾಯಿತು. ಅಷ್ಟರೊಳಗೆ ಡೇವ್ ಏರ್ಲಿ ‘ಕ್ರೋಕಸ್’ ಡ್ರೈವರ್ ಬರೆದಿದ್ದರಿಂದ ಎಷ್ಟೋ ಹಳೇ ಇಂಟೆಲ್ ಚಿಪ್‌ಗಳು ಬಚಾವಾದವು. ಡ್ರೈವರ್ ಸಿಗದಿದ್ದರೆ ಚಿತ್ರ ಬಿಡಿಸೋ ಭಾರ ಪ್ರೊಸೆಸರ್ ಮೇಲೆ ಬೀಳುತ್ತೆ. ಕೆಲಸ ನಡೆಯುತ್ತೆ, ಆದರೆ ನಿಧಾನ.

ಕೋಟೆಯಿಂದ ಬಾವಲಿ ದಾಟಿದರೆ ವಯನಾಡು. ಕೇರಳದ ‘ಕೈಟ್’ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ಲಿನಕ್ಸನ್ನೇ ಕೊಡುತ್ತಿದೆ. ಇಲ್ಲಿನ ಶಾಲೆಗಳಿಗೂ ಅದು ಅಸಾಧ್ಯವಲ್ಲ. ಆದರೆ ನುಡಿ, ಪೇಜ್‌ಮೇಕರ್ ನಂಬಿದ ಡಿಟಿಪಿ ಅಂಗಡಿಗಳಿಗೆ ಅಷ್ಟು ಸುಲಭವಲ್ಲ.

ಖರ್ಚಿಗೆ ಮೊದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ನೋಡಿ. ವಿಡಿಯೋ ತಡವರಿಸದೆ ಓಡಿದ್ರೆ ಆ ಕಂಪ್ಯೂಟರ್‌ಗೆ ಇನ್ನೂ ಆಯುಷ್ಯ ಇದೆ.