ಗುಡ್ಡದೂರಿಗೆ ಕಾರು ಯಾಕೆ?

ಇಟಲಿಗೆ ಹೊರಟವರಿಗೆ ಸಿಗುವ ಪುಕ್ಕಟೆ ಸಲಹೆಗಳಲ್ಲಿ ಒಂದು ನನಗೆ ಸಿಟ್ಟು ಬರಿಸುತ್ತದೆ: 'ಗುಡ್ಡದ ಮೇಲಿನ ಊರುಗಳನ್ನು ನೋಡಬೇಕಾದರೆ ಕಾರು ಇರಲೇಬೇಕು.' ಈ ಮಾತು ಅರ್ಧ ಸುಳ್ಳು ಎಂಬುದು ನನ್ನ ವಾದ. ಉಳಿದರ್ಧ ನಿಜವಾದರೂ ಅದರಿಂದ ನಮಗೆ ನಷ್ಟವೇನಿಲ್ಲ.

ಉಂಬ್ರಿಯಾದ ಒರ್ವಿಯೆತೊ ಊರನ್ನೇ ತೆಗೆದುಕೊಳ್ಳಿ. ಕಡಿದಾದ ಬಂಡೆಯ ನೆತ್ತಿಯ ಮೇಲೆ ಕೂತ ಊರು; ಕೆಳಗೆ ರೋಮ್–ಫ್ಲಾರೆನ್ಸ್ ರೈಲುದಾರಿ. ರೈಲಿಳಿದರೆ ಎದುರಿಗೇ ಫ್ಯುನಿಕ್ಯುಲರ್, ಅಂದರೆ ಉಕ್ಕಿನ ಹಗ್ಗ ಎಳೆಯುವ ಹಳಿಬಂಡಿ. ಕೆಲವೇ ನಿಮಿಷಗಳಲ್ಲಿ ಮೇಲಿರುತ್ತೀರಿ. 1888ರಲ್ಲಿ ಶುರುವಾದಾಗ ಅದು ನೀರಿನ ಭಾರದಿಂದ ಓಡುತ್ತಿತ್ತು: ನೀರು ತುಂಬಿಕೊಂಡ ಮೇಲಿನ ಬಂಡಿ ಇಳಿಯುತ್ತ ಕೆಳಗಿನದನ್ನು ಮೇಲಕ್ಕೆಳೆಯುತ್ತಿತ್ತು. 1970ರಲ್ಲಿ ನಿಂತಿತು. 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಓಡತೊಡಗಿತು. ಇಪ್ಪತ್ತು ವರ್ಷ ಅದಿಲ್ಲದೆ ಬದುಕಿ ನೋಡಿದ ಊರು ಕೊನೆಗೆ ಹಳಿಯನ್ನೇ ಬಯಸಿತು. ಪೆರುಜಾದಲ್ಲಿ 1983ರಿಂದ ಹಳೆಯ ಕೋಟೆಯ ಹೊಟ್ಟೆಯೊಳಗೆ ಎಸ್ಕಲೇಟರ್‌ಗಳು ಓಡುತ್ತಿವೆ. 2008ರಿಂದ ರೈಲು ನಿಲ್ದಾಣದ ಕಡೆಯಿಂದ ಗುಡ್ಡಕ್ಕೆ ಚಾಲಕನಿಲ್ಲದ ಪುಟ್ಟ ಮೆಟ್ರೊ ಇದೆ. ಕಾರಿಲ್ಲದವರನ್ನು ಈ ಊರುಗಳು ಮರೆತಿಲ್ಲ. ಮರೆತಿರುವವರು ಸಲಹೆ ಕೊಡುವವರು.

ಕಾರಿನಲ್ಲಿ ಹೋದವರಿಗಾದರೂ ಏನು ಸಿಗುತ್ತದೆ? ಹಳೆಯ ಊರುಗಳ ನಡುಭಾಗ ಬಹುಪಾಲು 'ಝೆಡ್‌ಟಿಎಲ್', ಅಂದರೆ ವಾಹನ ನಿರ್ಬಂಧಿತ ವಲಯ. ಪರವಾನಗಿಯಿಲ್ಲದೆ ನುಗ್ಗಿದರೆ ಕ್ಯಾಮೆರಾ ನಂಬರ್ ಪ್ಲೇಟು ಹಿಡಿಯುತ್ತದೆ. ನೀವು ಮನೆ ಸೇರಿ ತಿಂಗಳುಗಳಾದ ಮೇಲೆ ದಂಡದ ಚೀಟಿ ಬಾಗಿಲಿಗೆ ಬರುತ್ತದೆ. ಚಿವಿತಾ ದಿ ಬಾನ್ಯೊರೆಜೊ ಎಂಬ ಊರಿಗಂತೂ ಇರುವುದು ಕಾಲುಸೇತುವೆ ಒಂದೇ. ಬಸ್ಸಿನಲ್ಲಿ ಬಂದವನೂ ಬಾಡಿಗೆ ಕಾರಿನಲ್ಲಿ ಬಂದವನೂ ಆ ಸೇತುವೆಯ ಮೇಲೆ ಒಂದೇ ಬೆವರು ಸುರಿಸಬೇಕು.

ಒರ್ವಿಯೆತೊದಲ್ಲಿ 1527ರಲ್ಲಿ ಅಗೆಯಲು ಶುರುಮಾಡಿದ ಸೇಂಟ್ ಪ್ಯಾಟ್ರಿಕ್‌ನ ಬಾವಿಯಿದೆ. ಆಳ ಐವತ್ತು ಮೀಟರಿಗೂ ಹೆಚ್ಚು. ಅದರ ಸುತ್ತ ಒಂದನ್ನೊಂದು ಸಂಧಿಸದ ಎರಡು ಸುರುಳಿ ಮೆಟ್ಟಿಲು: ನೀರಿಗಿಳಿಯುವ ಹೇಸರಗತ್ತೆಗೆ ಒಂದು, ಹೊತ್ತು ಹತ್ತುವುದಕ್ಕೆ ಇನ್ನೊಂದು. ಇಂಥ ಊರಿನ ಅಳತೆಗೋಲು ಹೆಜ್ಜೆ. ಆ ಅಳತೆಯಲ್ಲಿ ಓದಿದರೆ ಮಾತ್ರ ಅದು ಅರ್ಥವಾಗುತ್ತದೆ.

ಹಾಗೆಂದು ಕಾರಿಲ್ಲದೆ ಎಲ್ಲವೂ ಸಲೀಸು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಬಸ್ಸಿನ ವೇಳಾಪಟ್ಟಿ ಓದುವುದೂ ಒಂದು ವಿದ್ಯೆ. 'ಫೆರಿಯಾಲೆ' ಎಂದರೆ ಸೋಮವಾರದಿಂದ ಶನಿವಾರ. 'ಫೆಸ್ತಿವೊ' ಎಂದರೆ ಭಾನುವಾರ ಮತ್ತು ಹಬ್ಬದ ದಿನ. 'ಸ್ಕೊಲಾಸ್ತಿಕೊ' ಎಂದರೆ ಶಾಲೆಯಿದ್ದ ದಿನ ಮಾತ್ರ. ಸಣ್ಣ ಊರುಗಳಿಗೆ ಭಾನುವಾರ ಬಸ್ಸೇ ಇಲ್ಲದಿರಬಹುದು. ಟಿಕೆಟ್ಟನ್ನು ಹೆಚ್ಚಾಗಿ ತಂಬಾಕಿನ ಅಂಗಡಿಯಲ್ಲಿ ಮೊದಲೇ ಕೊಳ್ಳಬೇಕು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಕಲ್ಲುಹಾಸಿನ ಬೀದಿಯಲ್ಲಿ ದೊಡ್ಡ ಪೆಟ್ಟಿಗೆ ಎಳೆಯುವುದು ಶಿಕ್ಷೆ. ಮೊಣಕಾಲು ನೋವಿನ ಹಿರಿಯರನ್ನು ಕರೆದೊಯ್ಯುವವರು, ಹೊಲಗಳ ನಡುವಿನ ಒಂಟಿ ಮನೆಯಲ್ಲಿ ತಂಗುವವರು ಕಾರು ಹಿಡಿಯಲಿ. ಅವರೊಡನೆ ನನಗೆ ಜಗಳವಿಲ್ಲ.

ನನ್ನ ಜಗಳ 'ಕಾರಿದ್ದರೆ ದಿನಕ್ಕೆ ನಾಲ್ಕು ಊರು ಮುಗಿಸಬಹುದು' ಎನ್ನುವವರ ಜೊತೆ. ಮುಗಿಸುವುದಕ್ಕೆ ಊರೇನು ಪರೀಕ್ಷೆಯ ಸಿಲಬಸ್ಸೇ? ನಾವು ಹತ್ತು ಕಾದಂಬರಿಗಳ ಸಾರಾಂಶ ಓದಿದವನನ್ನು ಓದುಗ ಎನ್ನುವುದಿಲ್ಲ. ಒಂದನ್ನು ಎರಡು ಸಲ ಓದಿದವನನ್ನು ಎನ್ನುತ್ತೇವೆ. ಊರಿಗೂ ಅದೇ ನ್ಯಾಯ ಸಲ್ಲಬೇಕು. ಹಗಲಿನಲ್ಲಿ ಬಂದು ಸಂಜೆಗೆ ಮಾಯವಾಗುವ ಜನ ಊರಿಗೆ ಬಿಟ್ಟುಹೋಗುವುದು ಹೊಗೆ, ಗದ್ದಲ. ರಾತ್ರಿ ಉಳಿದವರು ಅಲ್ಲಿ ಉಣ್ಣುತ್ತಾರೆ, ಬೆಳಿಗ್ಗೆ ಅಲ್ಲಿಯೇ ರೊಟ್ಟಿ ಕೊಳ್ಳುತ್ತಾರೆ.

ಆದ್ದರಿಂದ ನನ್ನ ಯೋಜನೆ ಸರಳ. ರೈಲು ಮುಟ್ಟುವ ಒಂದೇ ಊರು, ಗೋಡೆಯೊಳಗೆ ಒಂದು ಕೋಣೆ, ನಾಲ್ಕು ರಾತ್ರಿ, ಹೆಗಲಿಗೇರುವಷ್ಟೇ ಸಾಮಾನು. ಸುತ್ತಲಿನ ಊರುಗಳಿಗೆ ವಾರದ ದಿನಗಳಲ್ಲಿ ಬಸ್ಸು, ಭಾನುವಾರ ಇದ್ದಲ್ಲಿಯೇ. ಬಸ್ಸು ಹೋಗದ ಊರುಗಳು ನನ್ನ ಪಟ್ಟಿಯಲ್ಲಿ ಇರುವುದಿಲ್ಲ. ಅವು ನನ್ನನ್ನು ಕಾಣದೆ ಕೊರಗುವುದೂ ಇಲ್ಲ.