ಮೂರು ರಾಜ್ಯ ಕಂಡ ಮಾಸೂರಿನ ಅಜ್ಜಿ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಮಾಸೂರಿನ ನಮ್ಮ ಮನೆ ಕಟ್ಟೆ ಮೇಲೆ ಅಜ್ಜಿ ಜೊತೆ ಕೂತು ಶೇಂಗಾ ಸುಲಿಯುತ್ತಿದ್ದಾಗ ಟೆಕ್ಸಾಸ್‌ನಿಂದ ಅಕ್ಕನ ವಿಡಿಯೊ ಕಾಲ್ ಬಂತು. ಅವಳ ಮಗಳಿಗೆ ಶಾಲೆಯಲ್ಲಿ 'ನಮ್ಮ ರಾಜ್ಯ' ಅಂತ ಪ್ರಾಜೆಕ್ಟ್ ಕೊಟ್ಟಿದ್ದರಂತೆ. ಹುಡುಗಿ ಪಟಪಟ ಅಂತ ಒಪ್ಪಿಸಿದಳು. ಹಕ್ಕಿ ಮಾಕಿಂಗ್‌ಬರ್ಡ್, ಹೂವು ಬ್ಲೂಬಾನೆಟ್. 1836ರಿಂದ 1845ರವರೆಗೆ ಟೆಕ್ಸಾಸ್ ತಾನೇ ಒಂದು ದೇಶ, ಆಮೇಲೆ ಅಮೆರಿಕದ 28ನೇ ರಾಜ್ಯ. ಆ ನೆಲದ ಮೇಲೆ ಒಟ್ಟು ಆರು ಬಾವುಟ ಹಾರಿವೆಯಂತೆ.

"ಚಿಗವ್ವ, ನಿಮ್ಮ ಸ್ಟೇಟ್ ಬರ್ಡ್ ಯಾವ್ದು?" ಅಂದಳು.

ನಾನು ಬೆಬ್ಬೆಬ್ಬೆ. ಬೆಂಗಳೂರಲ್ಲಿ ಆರು ವರ್ಷದಿಂದ ಕೆಲಸ, ಪ್ರತಿ ನವೆಂಬರ್ 1ಕ್ಕೆ ಹಳದಿ-ಕೆಂಪು ಶಾಲು ಹಾಕ್ಕೊಂಡು ಸೆಲ್ಫಿ. ಆದ್ರೂ ಗೂಗಲ್ ಮಾಡಬೇಕಾಯ್ತು. ನಿಮಗೂ ಬೇಕಾಗಬಹುದು, ಇಟ್ಟುಕೊಳ್ಳಿ: ಹಕ್ಕಿ ನೀಲಕಂಠ, ಪ್ರಾಣಿ ಆನೆ, ಮರ ಶ್ರೀಗಂಧ, ಹೂವು ಕಮಲ. ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ. ನಾಡಗೀತೆ ಕುವೆಂಪು ಅವರದು. 2011ರ ಜನಗಣತಿ ಪ್ರಕಾರ ನಾವು 6.11 ಕೋಟಿ ಜನ.

ಗಂಡಭೇರುಂಡ ಅಂದಕೂಡಲೇ ಅಜ್ಜಿ ತಲೆ ಎತ್ತಿದಳು. "ಬಳ್ಳಿಗಾವ್ಯಾಗ ಕಂಬದ ಮ್ಯಾಲ ಐತಲ್ಲ, ಅದs? ನಾ ಸಣ್ಣಾಕಿ ಇದ್ದಾಗ ನೋಡೇನಿ." ನಿಜ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬ ಇವತ್ತಿಗೂ ಇದೆ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ.

ಅಜ್ಜಿಯ ತವರು ಶಿಕಾರಿಪುರದ ಕಡೆ. ಮದುವೆ ಆಗಿದ್ದು 1954ರಲ್ಲಿ. "ಆರು ಬಾವುಟ ಏನ್ ದೊಡ್ಡದು?" ಅಂತ ಮೊಮ್ಮಗಳ ಮಗಳಿಗೆ ಹೇಳಿದಳು. "ನನ್ನ ತವರುಮನಿ ಮೈಸೂರು ರಾಜ್ಯ, ಗಂಡನ ಮನಿ ಮುಂಬೈ ರಾಜ್ಯ. ನಡುವ ಒಂದು ಹೊತ್ತಿನ ಗಾಡಿ ದಾರಿ. ಬ್ಯಾರೆ ರಾಜ್ಯಕ್ಕ ಮಗಳ್ನ ಕೊಡಬ್ಯಾಡ ಅಂತ ನಮ್ಮ ದೊಡ್ಡಪ್ಪ ಜಗಳಾನೇ ತಗದಿದ್ದ."

ಆಗ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಕನ್ನಡ ಮಾತಾಡೋರು ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದರು. 1956ರ ನವೆಂಬರ್ 1ಕ್ಕೆ ಒಂದಾದರೂ ಹೆಸರು ಮೈಸೂರು ರಾಜ್ಯ ಅಂತಲೇ ಉಳೀತು. 'ಕರ್ನಾಟಕ' ಆಗಿದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. 1997ರಲ್ಲಿ ಹಾವೇರಿ ಜಿಲ್ಲೆ ಆಯಿತು. ಹಿರೇಕೆರೂರು ತಾಲ್ಲೂಕಿನಲ್ಲಿದ್ದ ನಮ್ಮೂರು ಈಗ ರಟ್ಟಿಹಳ್ಳಿ ತಾಲ್ಲೂಕು. ಅಜ್ಜಿ ಮಾತ್ರ ಅದೇ ಕಟ್ಟೆ ಮೇಲೆ.

ಕಾಲ್ ಮುಗಿದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಮಾತು ಕೇಳಿ ಇಲ್ಲಿಯವರು 'ಮೈಸೂರು ಸೀಮಿ ಹೆಣ್ಣು' ಅಂತ ನಗುತ್ತಿದ್ದರಂತೆ. ಹಬ್ಬಕ್ಕೆ ತವರಿಗೆ ಹೋದರೆ ಅಲ್ಲಿಯವರು 'ಧಾರವಾಡದಾಕಿ ಬಂದ್ಳು' ಅಂತ ನಗುತ್ತಿದ್ದರಂತೆ.

ನನಗೆ ಗಂಟಲು ಕಟ್ಟಿತು. ಕೆಲಸಕ್ಕೆ ಸೇರಿದ ಮೊದಲ ವಾರ ಮೀಟಿಂಗಲ್ಲಿ ನಾನು "ಹೌದ್ರಿ, ಮಾಡ್ತೇನ್ರಿ" ಅಂದಿದ್ದಕ್ಕೆ ಇಡೀ ಟೀಮ್ ನಕ್ಕಿತ್ತು. ನಕ್ಕವರೂ ಕನ್ನಡದವರೇ. ಅವತ್ತಿಂದ ಮಾತು ತಿದ್ದಿಕೊಂಡೆ. ಅಜ್ಜಿ ಫೋನ್ ಬಂದರೆ ಎದ್ದು ಮೆಟ್ಟಿಲ ಹತ್ತಿರ ಹೋಗ್ತೀನಿ, ಯಾರೂ ಕೇಳದ ಹಾಗೆ. ಸರ್ವಜ್ಞನ ತಂದೆಯ ಊರು ಅಂತ ಜನ ಹೇಳೋ ಊರಿನವಳು ನಾನು. ಮೂರು ಸಾಲಲ್ಲಿ ಇಡೀ ನಾಡಿಗೆ ಬುದ್ಧಿ ಹೇಳಿದವನ ಊರಿನ ಮಾತನ್ನ ಮೆಟ್ಟಿಲ ಕೆಳಗೆ ಬಚ್ಚಿಡ್ತಿದ್ದೆ.

"ಮತ್ತ ನೀ ಏನ್ ಮಾಡ್ದಿ ಅಜ್ಜಿ?" ಅಂದೆ.

"ಏನ್ ಮಾಡೂದು? ಎರಡೂ ಮಾತಾಡಿದೆ. ನಗೋರು ನಕ್ರು, ಉಂಡ್ರು, ಹೋದ್ರು" ಅಂತ ಶೇಂಗಾ ಸಿಪ್ಪಿ ಮೊರದಿಂದ ಕೇರಿ ಹಾಕಿದಳು.

ರಾಜ್ಯ ಒಂದಾಗಿ ಏಳು ದಶಕ ಆಯ್ತು. ನಕಾಶೆಯ ಗೆರೆ ಒಂದೇ ದಿನದಲ್ಲಿ ಅಳಿಸಿಹೋಯ್ತು, ನಾಲಗೆ ಮೇಲಿನ ಗೆರೆ ಅಷ್ಟು ಬೇಗ ಹೋಗಲ್ಲ. ಪಕ್ಕದ ಸೀಟಿನ ಕಲಬುರಗಿಯವರು, ಮಂಗಳೂರಿನವರು, ಚಾಮರಾಜನಗರದವರು ಬಾಯಿ ಬಿಟ್ಟಾಗ ನಾವು ನಗದೇ ಇದ್ದರೆ ಸ್ವಲ್ಪ ಬೇಗ ಹೋಗಬಹುದು.

ಸೋಮವಾರ ಆಫೀಸಲ್ಲಿದ್ದಾಗ ಅಜ್ಜಿ ಫೋನ್ ಬಂತು. ಮುಟ್ಟಿದಿಯೋ ಇಲ್ಲೋ ಅಂತ ಕೇಳೋಕೆ. ಸೀಟಿಂದ ಏಳಲಿಲ್ಲ.

"ಆರಾಮ ಮುಟ್ಟೇನಿ ಅಜ್ಜಿ. ಶೇಂಗಾ ಹೋಳಿಗಿ ಎಲ್ರಿಗೂ ಕೊಟ್ಟೆ" ಅಂದೆ, ಎಲ್ಲರಿಗೂ ಕೇಳೋ ಹಾಗೆ.