ಗೃಹಾರೋಗ್ಯ: ಅಂಗಾಲಿನ ಉರಿಯೂ ಇರುಳಿನ ನಿದ್ದೆಯೂ

ಹಗಲೆಲ್ಲ ಹೊಲಮನೆಗಳ ಕೆಲಸದಲ್ಲಿ ತಿರುಗಾಡಿದ ಮನುಷ್ಯನು ರಾತ್ರಿ ಹಾಸಿಗೆಯ ಮೇಲೆ ಕಾಲು ಚಾಚಿದೊಡನೆ ಅಂಗಾಲು ಕೆಂಡದಂತೆ ಉರಿಯತೊಡಗುವುದು; ಬೆರಳುಗಳಲ್ಲಿ ಸೂಜಿ ಚುಚ್ಚಿದಂತಾಗುವುದು; ಹೊದ್ದ ಕೌದಿಯ ಅಂಚು ತಗುಲಿದರೂ ಸಹಿಸಲಾಗದು. ಎದ್ದು ತಣ್ಣನೆಯ ನೆಲದ ಮೇಲೆ ನಿಂತರೆ ತುಸು ಹಿತ. ಮಲಗಿದರೆ ಮತ್ತೆ ಅದೇ ಪಾಡು. ಬೆಳಗಾದ ಮೇಲೆ ಮನೆಯವರು ನೋಡಿದರೆ ಕಾಲಿನಲ್ಲಿ ಬಾವಿಲ್ಲ, ಗಾಯವಿಲ್ಲ, ಕೆಂಪು ಕೂಡ ಇಲ್ಲ. “ಏನೂ ಆಗಿಲ್ಲ, ಸುಮ್ಮನ ಒದ್ದಾಡತೀರಿ” ಎಂದುಬಿಡುವರು. ಬೇನೆಗಿಂತಲೂ ಈ ಮಾತೇ ಹೆಚ್ಚು ನೋಯಿಸಿತೆಂದು ಹೇಳಿದವರನ್ನು ನಾವು ಬಲ್ಲೆವು. ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯೆನಿಸಿದ ಕೊಪ್ಪಳ ಸೀಮೆಯ ನಾಲ್ಕು ಹಳೆಯ ತಾಲ್ಲೂಕುಗಳನ್ನು, ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳು ಈ ಬೇನೆಯ ವಿಷಯವಾಗಿ ನಾಲ್ಕು ಮಾತು ಬರೆಯುವೆವು.

ವೈದ್ಯರು ಇದನ್ನು ಪೆರಿಫೆರಲ್ ನ್ಯೂರೋಪತಿ ಎನ್ನುವರು. ನಾವು ತುದಿನರಗಳ ಬೇನೆ ಎಂದು ಕರೆಯಬಹುದು. ಬೆನ್ನುಹುರಿಯಿಂದ ಹೊರಟು ಕೈಕಾಲುಗಳಿಗೆ ಹರಡಿರುವ ನರಗಳು ಕೆಡುವುದೇ ಇದರ ಮೂಲ. ಕಾಲ್ಬೆರಳಿಗೆ ಹೋಗುವ ನರವು ಸೊಂಟದಿಂದ ಇಳಿದು ಮೂರಡಿಗೂ ಮೀರಿದ ದಾರಿ ಸವೆಸಬೇಕಾಗಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಸಾಲದ ವರ್ಷ ಮೊದಲು ಕಂಗೆಡುವವರು ಕೊನೆಯ ಭಾಗದ ರೈತರಲ್ಲವೆ? ಹಾಗೆಯೇ ಪೋಷಣೆ ತಪ್ಪಿದಾಗ ಅತಿ ಉದ್ದವಾದ ನರದ ತುದಿಯೇ ಮೊದಲು ಸೊರಗುವುದು. ಆದುದರಿಂದ ಬೇನೆಯು ಎರಡೂ ಕಾಲುಗಳ ಬೆರಳುಗಳಲ್ಲಿ ಹುಟ್ಟಿ, ಕಾಲುಚೀಲ ಏರಿಸಿದ ಹಾಗೆ ಮೆಲ್ಲಮೆಲ್ಲನೆ ಮೇಲಕ್ಕೆ ಬರುವುದು. ಮೊಣಕಾಲಿನ ಸಮೀಪಕ್ಕೆ ಬರುವ ವೇಳೆಗೆ ಕೈಬೆರಳುಗಳೂ ಜುಮುಗುಟ್ಟತೊಡಗುವುವು. ಕೆಟ್ಟ ನರವು ಎರಡು ಬಗೆಯಲ್ಲಿ ಮೋಸ ಮಾಡುವುದು. ಗಾಯವಿಲ್ಲದಿದ್ದರೂ ಉರಿಯೆಂದು ಮಿದುಳಿಗೆ ಸುಳ್ಳು ಸುದ್ದಿ ಕಳುಹಿಸುವುದು ಒಂದು. ಮುಳ್ಳು ನಟ್ಟರೂ ಕೆಂಡ ತಾಗಿದರೂ ಸುದ್ದಿಯನ್ನೇ ಕಳುಹಿಸದಿರುವುದು ಇನ್ನೊಂದು. ಮೊದಲನೆಯದು ನಿದ್ದೆಯನ್ನು ಕೆಡಿಸುವುದು. ಎರಡನೆಯದು ಕಾಲನ್ನೇ ಕಳೆಯುವುದು. ಒಂದೇ ಕಾಲಿನಲ್ಲಿ ಎರಡೂ ಕೂಡಿರಬಹುದೆಂಬುದನ್ನು ಮನೆಯವರು ಮರೆಯಬಾರದು.

ಕಾರಣಗಳಲ್ಲಿ ಮುಂದಾಳು ಮಧುಮೇಹ, ಜನರ ಮಾತಿನ ಸಕ್ಕರೆ ಬೇನೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಈ ರೋಗವಿದೆಯೆಂದು ಲೆಕ್ಕ ಹಾಕಿತು. ಅಂಥವರಲ್ಲಿ ಅರ್ಧದಷ್ಟು ಮಂದಿಗೆ ಕಾಲಕ್ರಮದಲ್ಲಿ ನರಗಳು ಕೆಡುವ ಸಂಭವವುಂಟು. ಸಕ್ಕರೆ ಬೇನೆಯು ಪೇಟೆಯ ಕುಳಿತುಣ್ಣುವವರದೆಂಬ ಭ್ರಮೆ ಇನ್ನೂ ಹೋಗಿಲ್ಲ. ಕಾಲುವೆ ಬಂದ ಮೇಲೆ ಗಂಗಾವತಿಯ ಕಡೆ ಮೂರು ಹೊತ್ತೂ ಅನ್ನವೇ ಆಯಿತು. ಟ್ರ್ಯಾಕ್ಟರು ಬಂದ ಮೇಲೆ ಮೈಗೆಲಸ ಇಳಿಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯಗಳ ಊಟವನ್ನು ಬಡವರ ಊಟವೆಂದು ಬಿಟ್ಟವರು ಈಗ ವೈದ್ಯರ ಚೀಟಿಯಲ್ಲಿ ಅದನ್ನೇ ಬರೆಯಿಸಿಕೊಂಡು ಬರುತ್ತಿರುವರು! ಆದರೂ ರೊಟ್ಟಿಯೆಂದು ಆರೇಳು ತಿಂದರೆ ಅದೂ ಸಕ್ಕರೆಯೇ.

ಉರಿಗಾಲು ಕಂಡವರೆಲ್ಲರಿಗೂ ಮಧುಮೇಹವೇ ಎಂದು ತಿಳಿಯತಕ್ಕದ್ದಲ್ಲ. ಬಿ-೧೨ ಎಂಬ ಜೀವಸತ್ವವು ಕಡಿಮೆಯಾದರೂ ಇದೇ ಲಕ್ಷಣಗಳು ತೋರುವುವು. ಅದು ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿರುವುದೇ ಹೊರತು ಕಾಳುಕಡ್ಡಿ ಸೊಪ್ಪುಗಳಲ್ಲಿಲ್ಲ. ಶಾಕಾಹಾರಿಗಳ ಮನೆಯಲ್ಲಿ, ಅದರಲ್ಲಿಯೂ ಎಲ್ಲರಿಗೂ ಬಡಿಸಿ ಕೊನೆಗೆ ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಹೆಂಗಸರಲ್ಲಿ, ಈ ಕೊರತೆ ಸಾಮಾನ್ಯ. ಸಕ್ಕರೆಗಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿಯೂ ಅದು ತಗ್ಗುವುದುಂಟು. ಹಳ್ಳಿಗಳಲ್ಲಿ ‘ಕೆಂಪು ಇಂಜೆಕ್ಷನ್’ ಎಂದು ಹೆಸರಾದುದು ಇದೇ ಬಿ-೧೨; ಅದರ ಬಣ್ಣವೇ ಕೆಂಪು. ಕೊರತೆಯಿದ್ದವರಿಗೆ ಅದು ಅಮೃತ. ಇಲ್ಲದವರಿಗೆ ಬರಿಯ ಖರ್ಚು. ರಕ್ತ ಪರೀಕ್ಷೆ ಮಾಡಿಸಿ ಚುಚ್ಚಿಸಿಕೊಳ್ಳುವುದು ಜಾಣತನ. ಅದರ ಜೊತೆಗೆ ಬೆರೆಸಿ ಕೊಡುವ ಬಿ-೬ ಎಂಬುದು ಅತಿಯಾಗಿ ಬಹುಕಾಲ ಸೇರಿದರೆ ತಾನೇ ನರಗಳನ್ನು ಕೆಡಿಸುವುದೆಂಬುದನ್ನು ಬಹುಮಂದಿ ಅರಿಯರು. ಇನ್ನು ಹೆಂಡ, ಥೈರಾಯ್ಡ್ ಗ್ರಂಥಿಯ ಮಂದತೆ, ಮೂತ್ರಪಿಂಡದ ರೋಗ, ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಕೆಲವು ಕ್ರಿಮಿನಾಶಕಗಳ ವಿಷ, ಇವೆಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ಕುಷ್ಠದ ಪರೀಕ್ಷೆಯನ್ನು ಸಂಕೋಚಪಡದೆ ಮಾಡಿಸಬೇಕು; ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ರೋಗವೂ ಪೂರ್ಣವಾಗಿ ಗುಣವಾಗುವುದು.

ಕುಷ್ಟಗಿ, ಯಲಬುರ್ಗಾಗಳ ವಾಚಕರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಆ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು. ಲೀಟರಿಗೆ ೧.೫ ಮಿಲಿಗ್ರಾಮ್ ಮೀರಿದ ನೀರನ್ನು ಕುಡಿಯಬಾರದೆಂಬುದು ನಿಯಮ. ಅಂಥ ನೀರನ್ನು ಬಹುಕಾಲ ಕುಡಿದವರ ಹಲ್ಲುಗಳಲ್ಲಿ ಕಂದುಗೆರೆ ಮೂಡುವುದಷ್ಟೇ ಅಲ್ಲದೆ, ಬೆನ್ನೆಲುಬಿನ ಮೂಳೆ ದಪ್ಪಗಾಗಿ ಬೆನ್ನುಹುರಿಯನ್ನೂ ನರದ ಬೇರುಗಳನ್ನೂ ಒತ್ತಬಹುದು. ಆಗಲೂ ಕಾಲು ಜುಮುಗುಟ್ಟುವುದು, ಮರಗಟ್ಟುವುದು. ಆದರೆ ಅಲ್ಲಿ ಕತ್ತು ಬೆನ್ನುಗಳು ಬಿಗಿದುಕೊಂಡು ಬಗ್ಗಲಾಗದಿರುವುದೂ ಕಾಲುಗಳು ಸೆಟೆದು ನಡಿಗೆ ಕೆಡುವುದೂ ಜೊತೆಗಿರುವುವು. ಇದಕ್ಕೆ ನರದ ಮಾತ್ರೆ ನುಂಗಿ ಕುಳಿತರೆ ಹೊತ್ತು ಕಳೆದೀತೇ ಹೊರತು ಒತ್ತಡ ಇಳಿಯದು. ವೈದ್ಯರಿಗೆ ತೋರಿಸಿ ಬೆನ್ನಿನ ಚಿತ್ರ ತೆಗೆಯಿಸಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದೆಂದು ನಂಬಿದ ಮನೆಗಳುಂಟು. ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಹೆಚ್ಚುವುದು. ಶುದ್ಧ ನೀರಿನ ಘಟಕದಿಂದ ಕುಡಿಯುವುದಕ್ಕೂ ಅಡಿಗೆಗೂ ಎರಡಕ್ಕೂ ತರಬೇಕು.

ಇನ್ನು ಔಷಧದ ವಿಚಾರ. ಸಕ್ಕರೆಯನ್ನು ಹತೋಟಿಗೆ ತರುವುದು, ಕೊರತೆಯನ್ನು ತುಂಬುವುದು, ಹೆಂಡ ಬಿಡುವುದು, ಇವು ಬೇರಿಗೆ ಹಾಕುವ ಮದ್ದು. ಉರಿಯನ್ನು ತಗ್ಗಿಸುವ ಮದ್ದು ಬೇರೆ. ಮೈಕೈ ನೋವಿಗೆ ನುಂಗುವ ಪ್ಯಾರಾಸಿಟಮಾಲ್, ಡೈಕ್ಲೋಫಿನಾಕ್‌ಗಳು ನರದ ಉರಿಗೆ ಸಾಮಾನ್ಯವಾಗಿ ನಾಟುವುದೇ ಇಲ್ಲ. ಡೈಕ್ಲೋಫಿನಾಕ್ ಅಂತೂ ಸಕ್ಕರೆ ರೋಗಿಯ ಮೂತ್ರಪಿಂಡಕ್ಕೆ ಹಗೆ. ನಾಟುವ ಔಷಧಗಳು ಮುಖ್ಯವಾಗಿ ನಾಲ್ಕು: ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರೆಗಬಾಲಿನ್, ಗಬಾಪೆಂಟಿನ್. ಮೊದಲಿನೆರಡು ಮನಸ್ಸಿನ ಕುಗ್ಗಿಗೂ, ಉಳಿದೆರಡು ಮೂರ್ಛೆರೋಗಕ್ಕೂ ಬಳಕೆಯಲ್ಲಿರುವುವು. ಇದರಿಂದ ಒಂದು ಅನರ್ಥ ಹುಟ್ಟಿದೆ. ಓದಿದ ಮಗನು ಔಷಧದ ಕಾಗದವನ್ನು ಬಿಚ್ಚಿ ನೋಡಿ “ಅಪ್ಪಾ, ಇದು ಹುಚ್ಚಿನ ಮಾತ್ರಿ” ಎಂದುಬಿಡುವನು. ಅಂದಿಗೆ ಔಷಧ ನಿಂತಿತು. ನರದ ಸುಳ್ಳು ಸುದ್ದಿಯನ್ನು ತಡೆಯುವ ಗುಣ ಇವುಗಳಿಗಿರುವುದರಿಂದಲೇ ವೈದ್ಯರು ಬರೆಯುವರು, ಮನಸ್ಸು ಕೆಟ್ಟಿದೆಯೆಂದಲ್ಲ.

ಇವುಗಳಲ್ಲಿ ಯಾವುದು ಮೇಲೆಂಬ ಚರ್ಚೆ ಬಹುಕಾಲ ನಡೆಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರೆಗಬಾಲಿನ್ ಮೂರನ್ನೂ ಮಧುಮೇಹದ ನರಬೇನೆಯವರಲ್ಲಿ ತೂಗಿ ನೋಡಿ ೨೦೨೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೂರೂ ಹೆಚ್ಚುಕಡಮೆ ಸಮವೆಂದೂ, ಒಂದು ಸಾಲದಾದಾಗ ಇನ್ನೊಂದನ್ನು ಕೂಡಿಸಿದರೆ ಹೆಚ್ಚಿನ ಗುಣ ಕಾಣುವುದೆಂದೂ ತಿಳಿದುಬಂದಿತು. ಆದುದರಿಂದ ಆಯ್ಕೆಯು ರೋಗಿಯ ಮೈಯನ್ನು ನೋಡಿ ಆಗಬೇಕು. ಅಮಿಟ್ರಿಪ್ಟಿಲಿನ್ ಅಗ್ಗ, ರಾತ್ರಿ ೧೦ ಮಿಲಿಗ್ರಾಮಿನಿಂದ ಆರಂಭ, ನಿದ್ದೆಯನ್ನೂ ತರುವುದು. ಆದರೆ ಬಾಯಿ ಒಣಗುವುದು, ಮಲಬದ್ಧತೆಯಾಗುವುದು, ಮೂತ್ರ ಕಟ್ಟಬಹುದು. ಹೃದಯದ ತೊಂದರೆ, ಗ್ಲಾಕೋಮಾ, ಪ್ರಾಸ್ಟೇಟ್ ಬಾವು ಇರುವ ವೃದ್ಧರಿಗೆ ಅದು ಒಗ್ಗದು. ಡುಲಾಕ್ಸೆಟಿನ್ ೩೦ ಮಿಲಿಗ್ರಾಮಿನಿಂದ ೬೦ಕ್ಕೆ ಏರುವುದು. ಮೊದಲ ವಾರ ಹೊಟ್ಟೆ ತೊಳಸಿದಂತಾಗುವುದರಿಂದ ಊಟದೊಡನೆ ನುಂಗುವುದು ಲೇಸು. ಯಕೃತ್ತಿನ ರೋಗವುಳ್ಳವರಿಗೂ ಕುಡಿಯುವವರಿಗೂ ಕೂಡದು. ಪ್ರೆಗಬಾಲಿನ್, ಗಬಾಪೆಂಟಿನ್‌ಗಳಿಂದ ತಲೆ ತಿರುಗುವುದು, ಮಂಪರು ಕವಿಯುವುದು, ಕೆಲವರಿಗೆ ಪಾದ ಬಾಯುವುದು, ತೂಕ ಏರುವುದು. ಮೂತ್ರಪಿಂಡ ಸೋತವರಿಗೆ ಪ್ರಮಾಣವನ್ನು ಇಳಿಸಬೇಕು. ಹೆಂಡದ ಜೊತೆಗೆ ಇವು ಪ್ರಾಣಾಪಾಯ. ಯಾವುದನ್ನು ಆರಂಭಿಸಿದರೂ ಮೊದಲ ಕೆಲವು ದಿನ ಬೈಕು ಟ್ರ್ಯಾಕ್ಟರುಗಳನ್ನು ನಡೆಸದಿರುವುದು ಒಳಿತು.

ನಾವು ಕಂಡಂತೆ ಔಷಧ ಸೋಲುವುದಕ್ಕಿಂತ ರೋಗಿಯ ತಾಳ್ಮೆ ಸೋಲುವುದೇ ಹೆಚ್ಚು. ನಾಲ್ಕನೆಯ ದಿನ “ಮಂಪರು ಬಂತು, ಉರಿ ಹೋಗಲಿಲ್ಲ” ಎಂದು ಬಿಟ್ಟುಬಿಡುವರು. ಈ ಮದ್ದುಗಳಿಗೆ ಸಣ್ಣ ಪ್ರಮಾಣದಿಂದ ಏರುತ್ತ ಹೋಗಿ ಫಲ ತೋರಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುವುದು. ಉರಿ ಅರ್ಧಕ್ಕೆ ಇಳಿದು ನಿದ್ದೆ ಬಂದರೆ ಔಷಧವು ಗೆದ್ದಿತೆಂದೇ ತಿಳಿಯಬೇಕು; ಪೂರ್ತಿ ಹೋಗುವವರು ಕೆಲವರೇ. ಗುಣವಾಯಿತೆಂದು ಒಮ್ಮೆಲೆ ನಿಲ್ಲಿಸುವುದೂ ತಪ್ಪು. ವೈದ್ಯರ ಮಾತಿನಂತೆ ಇಳಿಸುತ್ತ ಬಿಡಬೇಕು. ಇನ್ನೊಂದು ವಿಚಿತ್ರವನ್ನು ಹೇಳಬೇಕು. ಬಹುಕಾಲ ಏರಿದ್ದ ಸಕ್ಕರೆಯು ಇನ್ಸುಲಿನ್ನಿನಿಂದಲೋ ಮಾತ್ರೆಯಿಂದಲೋ ಬೇಗನೆ ಇಳಿದಾಗ ಕೆಲವರಿಗೆ ಕೆಲವು ತಿಂಗಳು ಉರಿ ಹೆಚ್ಚುವುದುಂಟು. “ಇನ್ಸುಲಿನ್ ನನ್ನ ಕಾಲು ಸುಟ್ಟಿತು” ಎಂದು ಅದನ್ನೇ ಬಿಟ್ಟವರಿದ್ದಾರೆ. ಅದು ತಾನಾಗಿ ಶಮನವಾಗುವುದು. ಇನ್ಸುಲಿನ್ ಬಿಡಬಾರದು, ಉರಿಯ ಮದ್ದನ್ನು ಕೇಳಬೇಕು.

ಬ್ಯಾಡಗಿ ಮೆಣಸಿನಕಾಯಿಯ ನಾಡಿನವರಿಗೆ ಸ್ವಾರಸ್ಯವೆನಿಸುವ ಸಂಗತಿ: ಮೆಣಸಿನ ಖಾರದ ಸತ್ವವಾದ ಕ್ಯಾಪ್ಸೈಸಿನ್‌ನ್ನು ಮುಲಾಮಾಗಿ ಕಾಲಿಗೆ ಹಚ್ಚುವ ಚಿಕಿತ್ಸೆಯೂ ಉಂಟು. ಮೊದಮೊದಲು ಉರಿ ಹೆಚ್ಚಿ, ದಿನಗಳು ಕಳೆದಂತೆ ನರದ ತುದಿ ಬಳಲಿ ಸುಮ್ಮನಾಗುವುದು. ಹಾಗೆಂದು ಅಡಿಗೆಮನೆಯ ಖಾರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವ ಸಾಹಸಕ್ಕೆ ಯಾರೂ ಕೈಹಾಕದಿರಲಿ.

ಮನೆಮದ್ದುಗಳಲ್ಲಿ ನಾವು ಅತ್ಯಂತ ಹೆದರುವುದು ಶಾಖಕ್ಕೆ. ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಒತ್ತುವುದು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವುದು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇಳಿಬಿಡುವುದು, ಇವು ಅರಿವುಳ್ಳ ಕಾಲಿಗೆ ಹಿತವಾದಾವು. ಜೋಮು ಹಿಡಿದ ಕಾಲು ಸುಟ್ಟು ಬೊಬ್ಬೆಯೆದ್ದರೂ ಒಡೆಯನಿಗೆ ತಿಳಿಯದು. ಆ ಬೊಬ್ಬೆ ಹುಣ್ಣಾಗಿ, ಹುಣ್ಣು ಮೂಳೆಗೆ ಇಳಿದು, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬಂದ ಮನೆಗಳು ಕಡಿಮೆಯಲ್ಲ. ಸ್ನಾನದ ನೀರನ್ನು ಸಹ ಮನೆಯ ಇನ್ನೊಬ್ಬರು ಕೈಯಿಟ್ಟು ನೋಡಿ ಕೊಡತಕ್ಕದ್ದು. ಕಾಲಿನ ಅರಿವು ಎಷ್ಟಿದೆಯೆಂಬುದನ್ನು ವೈದ್ಯರು ೧೦ ಗ್ರಾಮ್ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದಕ್ಕೆ ತಾಗಿಸಿ ಕ್ಷಣಮಾತ್ರದಲ್ಲಿ ಹೇಳಬಲ್ಲರು. ಸಕ್ಕರೆ ಬೇನೆಯವರು ವರ್ಷಕ್ಕೊಮ್ಮೆಯಾದರೂ ಕೇಳಿ ಮಾಡಿಸಿಕೊಳ್ಳಲಿ. ಕೊಪ್ಪಳದಲ್ಲಿ ೨೦೧೫ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಇದಕ್ಕಾಗಿ ಬಳ್ಳಾರಿ ಹುಬ್ಬಳ್ಳಿಗಳಿಗೆ ಹೋಗಬೇಕಾಗಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಐದು ನಿಮಿಷ ಪಾದಗಳನ್ನು ನೋಡುವ ಪದ್ಧತಿಯನ್ನು ಮನೆಯಲ್ಲಿ ಹಾಕಿಕೊಳ್ಳಬೇಕು. ಬಗ್ಗಲಾಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಬಹುದು. ಕಣ್ಣು ಮಂದವಾದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ತೊಳೆದ ಮೇಲೆ ಬೆರಳ ಸಂದುಗಳನ್ನು ಒರಸಬೇಕು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದುಗಳಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಮನೆಯೊಳಗೂ ಚಪ್ಪಲಿ ಬೇಕು. ನಮ್ಮ ಹಿರಿಯರಿಗೆ ಇದು ಕಷ್ಟವೇ ಸರಿ, ಒಳಗೆ ಬಳಸುವುದಕ್ಕೆ ಬೇರೆ ಜೊತೆಯನ್ನಿಟ್ಟರೆ ಮಡಿಮೈಲಿಗೆಯ ಮಾತು ಬಾರದು. ಮೆಟ್ಟುವ ಮುನ್ನ ಕೊಡವಿ ನೋಡಬೇಕು. ಕುಷ್ಠರೋಗಿಗಳಿಗಾಗಿ ರೂಢಿಗೆ ಬಂದ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ, ಹಿಮ್ಮಡಿಗೆ ಪಟ್ಟಿಯುಳ್ಳ ಚಪ್ಪಲಿಯು ಇವರಿಗೂ ಉತ್ತಮ.

ಭತ್ತದ ನಾಟಿಯ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ಬರಿಗಾಲಿನಿಂದ ನಿಲ್ಲುವುದು ಜೋಮುಗಾಲಿನವರಿಗೆ ಸಲ್ಲದು. ಬದುವಿನ ಮೇಲೆ ನಿಂತು ಆಳುಗಳನ್ನು ನೋಡಿಕೊಂಡರೆ ಸಾಕು. ಕೂಲಿಯೇ ಜೀವನವಾದವರಿಗೆ ಈ ಮಾತು ಹೇಳುವುದು ಸುಲಭ, ನಡೆಸುವುದು ಕಷ್ಟವೆಂದು ಬಲ್ಲೆವು. ಅಂಥವರು ಮಧ್ಯಾಹ್ನವೊಮ್ಮೆ ಸಂಜೆಯೊಮ್ಮೆ ಕಾಲು ತೊಳೆದು ಒರಸಿ ನೋಡಿಕೊಳ್ಳುವುದನ್ನಾದರೂ ತಪ್ಪಿಸಬಾರದು. ಕಳೆ ಕೀಳುವಾಗ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿದ್ದರೆ ಮೊಣಕಾಲಿನ ಪಕ್ಕದ ನರವು ಒತ್ತಿ ಪಾದವೇ ಜೋತುಬೀಳುವುದುಂಟು. ಗವಿಮಠದ ಜಾತ್ರೆಗಾಗಲಿ, ಆನೆಗೊಂದಿಯ ಬಳಿಯ ಅಂಜನಾದ್ರಿಯ ೫೭೫ ಮೆಟ್ಟಿಲುಗಳಿಗಾಗಲಿ ಹೋಗುವವರು ನಸುಕಿನಲ್ಲಿಯೇ ಹೋಗಿಬರಲಿ, ಕಾಲುಚೀಲ ಹಾಕಿಕೊಳ್ಳಲಿ. ಬೇಸಗೆಯ ಮಧ್ಯಾಹ್ನದ ಕಲ್ಲು ಭಕ್ತನನ್ನು ನೋಡಿ ತಣ್ಣಗಾಗುವುದಿಲ್ಲ.

ರಾತ್ರಿಗೆ ಕೌದಿಯ ಭಾರವೇ ತಡೆಯದವರು ಹಾಸಿಗೆಯ ಕಾಲ್ದೆಸೆಯಲ್ಲಿ ಒಂದು ಮಣೆಯನ್ನೋ ಬುಟ್ಟಿಯನ್ನೋ ಬೋರಲಿಟ್ಟು, ಹೊದಿಕೆ ಪಾದಕ್ಕೆ ತಗುಲದಂತೆ ಅದರ ಮೇಲೆ ಹರಡಬಹುದು. ಸಂಜೆ ಅರ್ಧ ಗಂಟೆಯ ಹಿತವಾದ ನಡಿಗೆ ನಿದ್ದೆಗೂ ಸಕ್ಕರೆಗೂ ಒಳ್ಳೆಯದು. ಅಂಗಾಲಿನ ಅರಿವು ತಪ್ಪಿದವರು ಕತ್ತಲೆಯಲ್ಲಿ ಮುಗ್ಗರಿಸುವರು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪವಿರಲಿ. ಬೀಡಿ, ಗುಟ್ಕಾಗಳ ವಿಷಯದಲ್ಲಿ ರಿಯಾಯಿತಿಯಿಲ್ಲ.

ಎರಡು ಮೂರು ದಿನಗಳಲ್ಲಿಯೇ ಕಾಲಿನ ಶಕ್ತಿ ಕುಂದುತ್ತ ಮೇಲಕ್ಕೇರಿದರೆ, ಮೂತ್ರದ ಹಿಡಿತ ತಪ್ಪಿದರೆ, ಹುಣ್ಣಿನ ಸುತ್ತ ಕೆಂಪೇರಿ ಜ್ವರ ಬಂದರೆ, ಅಥವಾ ನೋವಿಲ್ಲದೆಯೇ ಒಂದು ಪಾದ ಬಿಸಿಯಾಗಿ ಬಾತರೆ, ಬೆಳಗಿನವರೆಗೆ ಕಾಯಕೂಡದು. ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ಉಳಿದವರು ಒಂದು ಕೆಲಸ ಮಾಡಲಿ. ಗೋಡೆಗೆ ತೂಗಿದ ದಿನದರ್ಶಿಯಲ್ಲಿ ದಿನವೂ ಮಲಗುವ ಮುನ್ನ ಅಂದಿನ ಉರಿಗೆ ೦ಯಿಂದ ೧೦ರವರೆಗೆ ಒಂದು ಅಂಕಿ ಬರೆಯಬೇಕು. ಉರಿಯೇ ಇಲ್ಲದಿದ್ದರೆ ೦, ತಡೆಯಲಾರದಷ್ಟಿದ್ದರೆ ೧೦. ಪಕ್ಕದಲ್ಲಿ ಎಷ್ಟು ಗಂಟೆ ನಿದ್ದೆ ಬಂತೆಂಬುದನ್ನೂ, ಮಾತ್ರೆಯ ಪ್ರಮಾಣ ಬದಲಾದ ದಿನವನ್ನೂ ಗುರುತಿಸಬೇಕು. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನೂ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಬೇಕು.